ವಾಸನೆಯಿಲ್ಲದ ಪುಡಿ

1979ರ ಏಪ್ರಿಲ್ 12, ಗುರುವಾರ ಬೆಳಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಗದಗಿನ ದೊಡ್ಡಾಸ್ಪತ್ರೆಯಲ್ಲಿ ರೇಣುಕವ್ವನ ಕೂಸು ತೀರಿಕೊಂಡಿತು. ಹೆಣ್ಣು ಕೂಸು. ಹುಟ್ಟಿ ಐವತ್ಮೂರು ದಿನವಾಗಿತ್ತು. ನೀಲವ್ವ ಎಂದು ಹೆಸರಿಟ್ಟಿದ್ದರು.

ಎಂಟು ಗಂಟೆಗೆ ಟಾಂಗಾ ಬೆಟಗೇರಿಯ ಮನೆಯ ಮುಂದೆ ನಿಂತಾಗ ಮೋತಿಬಿ ಕಟ್ಟೆಯ ಮೇಲೆ ಕೂತಿದ್ದಳು. ದಿನವೂ ಅದೇ ಹೊತ್ತಿಗೆ ಅವಳು ಆ ಕೂಸಿಗೆ ನೀರು ಹಾಕಲು ಬರುತ್ತಿದ್ದಳು. ಆಸ್ಪತ್ರೆಗೆ ಒಯ್ದ ಸುದ್ದಿ ಹಿಂದಿನ ಸಂಜೆಯೇ ತಿಳಿದಿತ್ತು. ಆದರೂ ಬಂದು, ಒಲೆ ಹಚ್ಚಿ, ಹಂಡೆಯ ನೀರು ಕಾಯಿಸಿದ್ದಳು. ಕೂಸು ತಿರುಗಿ ಬಂದಾಗ ನೀರು ತಣ್ಣಗಿರಬಾರದು ಎಂದಷ್ಟೇ ಅವಳ ಲೆಕ್ಕ.

ರೇಣುಕವ್ವ ತಾನಾಗಿ ಇಳಿಯಲಿಲ್ಲ; ಇಬ್ಬರು ಹಿಡಿದು ಇಳಿಸಿದರು. ಅವಳ ತಾಯಿ ಬಸವಣ್ಣೆವ್ವನ ಸೆರಗಿನೊಳಗೆ ಕೂಸಿತ್ತು.

“ಮೋತಿಬಿ, ನೀರು ಕಾದಾವೇನು?” ಎಂದಳು ಬಸವಣ್ಣೆವ್ವ.

“ಕಾದಾವ ಯಕ್ಕಾ.”

“ಹಂಗಾರ ಹಾಕಿಬಿಡು. ಇದ ಕಡೀದು.”

ಮೋತಿಬಿಗೆ ಆಗ ಐವತ್ತೆಂಟು. ಗಂಡ ನಬಿಸಾಬ ಸತ್ತ ವರ್ಷದಿಂದ, ಅಂದರೆ ಮೂವತ್ತು ವರ್ಷದಿಂದ, ಬೆಟಗೇರಿಯ ಓಣಿಗಳಲ್ಲಿ ಹುಟ್ಟಿದ ಕೂಸುಗಳಿಗೆ ಎಣ್ಣೆ ತಿಕ್ಕಿ ನೀರು ಹಾಕುವುದೇ ಅವಳ ಕಸುಬು. ಮಗ್ಗದವರ ಮನೆ, ಬಣ್ಣ ಹಾಕುವವರ ಮನೆ, ವ್ಯಾಪಾರಸ್ಥರ ಮನೆ. ಹಿಂದೂಗಳದಾಗಲಿ ಮುಸಲ್ಮಾನರದಾಗಲಿ, ಬಾಣಂತಿ ಇದ್ದಲ್ಲಿ ಬೆಳಗ್ಗೆ ಮೋತಿಬಿ ಇರುತ್ತಿದ್ದಳು. ಇಪ್ಪತ್ತೆರಡು ವರ್ಷದ ಹಿಂದೆ ಇದೇ ಮನೆಯ ಇದೇ ಬಚ್ಚಲಲ್ಲಿ ರೇಣುಕವ್ವನಿಗೂ ಅವಳೇ ನೀರು ಹಾಕಿದ್ದಳು. ಈಗ ಚೊಚ್ಚಲ ಬಾಣಂತನಕ್ಕೆ ಶಿರಹಟ್ಟಿಯಿಂದ ತವರಿಗೆ ಬಂದ ರೇಣುಕವ್ವ, “ನನ್ನ ಕೂಸಿಗೆ ಮೋತಿಬಿ ಆಯೀನಽ ಬರಬೇಕು” ಎಂದು ಹಟ ಹಿಡಿದು ಕರೆಸಿದ್ದಳು.

ಮೋತಿಬಿ ಬಚ್ಚಲಲ್ಲಿ ಮಣೆ ಹಾಕಿಕೊಂಡು, ಸೀರೆ ಮೊಣಕಾಲ ತನಕ ಎತ್ತಿ, ಎರಡೂ ಕಾಲು ಚಾಚಿ ಕೂತಳು. ಬಸವಣ್ಣೆವ್ವ ಕೂಸನ್ನು ಅವಳ ಕಣಕಾಲುಗಳ ನಡುವೆ ಮಲಗಿಸಿದಳು. ಮೋತಿಬಿ ಅಭ್ಯಾಸದಂತೆ ನೀರಿನಲ್ಲಿ ಮೊಣಕೈ ಅದ್ದಿ ಬಿಸಿ ನೋಡಿದಳು. ನೋಡಿದ ಮೇಲೆ, ಯಾಕೆ ನೋಡಿದೆ ಎಂದು ಅವಳಿಗೇ ಅನಿಸಿತು. ಒಂದು ತಂಬಿಗೆ ತಣ್ಣೀರು ಬೆರೆಸಿಯೇ ಹಾಕಿದಳು.

ಅಂಗಾಲು ತೊಳೆಯುವಾಗ ತೊಗಲು ಕೈಗೆ ಬಂತು. ಉಳ್ಳಾಗಡ್ಡಿಯ ಮೇಲಿನ ಸಿಪ್ಪೆಯಂತೆ, ತೆಳ್ಳಗೆ, ಒಂದು ಬೆರಳಗಲ. ಅಂಗೈ ನೋಡಿದಳು. ಅಲ್ಲೂ ಹಾಗೇ. ಸಾವಿರ ಕೂಸು ಅವಳ ಕಾಲ ಮೇಲೆ ಮಲಗಿ ಎದ್ದಿದ್ದವು. ಅಂಗಾಲು ಹೀಗೆ ಸುಲಿದು ಬಂದದ್ದನ್ನು ಅವಳು ಕಂಡಿರಲಿಲ್ಲ.

“ಡಾಕ್ಟರಬಾಯಾರು ಏನಂದ್ರು ಯಕ್ಕಾ?”

“ಏನಂತಾರ? ತಡಾ ಮಾಡಿ ತಂದೀರಿ ಅಂದ್ರು.” ಬಸವಣ್ಣೆವ್ವ ಗೋಡೆಗೆ ಒರಗಿದ್ದಳು. “ಮೈಗೆ ಏನು ಹಚ್ಚತಿದ್ರಿ, ಏನು ಹಾಕತಿದ್ರಿ ಅಂತ ಎರಡು ಸಲ ಕೇಳಿದ್ರು. ಕುಸುಬಿ ಎಣ್ಣಿ, ಕಡ್ಲಿಹಿಟ್ಟು, ಮತ್ತೇನಿಲ್ಲರಿ, ಪೇಟಿದು ಒಂದೂ ಮುಟ್ಟಿಸಿಲ್ಲರಿ ಬಾಯಾರ, ಅಂದೆ. ಖರೇನಽ ಅಲ್ಲ?”

ಮೋತಿಬಿ ಹಿಡಿದ ತಂಬಿಗೆ ಹಾಗೇ ನಿಂತಿತ್ತು.

ಕೂಸಿಗೆ ಏನು ಹಚ್ಚಬೇಕು, ಏನು ಹಚ್ಚಬಾರದು ಎಂಬುದರಲ್ಲಿ ಮೋತಿಬಿಯಷ್ಟು ಕಟ್ಟುನಿಟ್ಟಿನ ಹೆಂಗಸು ಬೆಟಗೇರಿಯಲ್ಲಿ ಇನ್ನೊಬ್ಬಳಿರಲಿಲ್ಲ. ಅದಕ್ಕೊಂದು ಕಾರಣವಿತ್ತು. ಅವಳು ಈ ಕೆಲಸ ಹಿಡಿದ ಹೊಸದರಲ್ಲಿ, ಬಣ್ಣ ಹಾಕುವವರ ಒಂದು ಮನೆಯಲ್ಲಿ, ನೂಲು ಕುದಿಸುವ ಕಾಸ್ಟಿಕ್ ಸೋಡಾ ಹಾಕಿ ಮನೆಯಲ್ಲೇ ಸಾಬೂನು ಮಾಡಿದ್ದರು. ಕೊಟ್ಟರು, ಇವಳು ತಿಕ್ಕಿದಳು. ಕೂಸಿನ ಬೆನ್ನ ಮೇಲೆ ಬೊಬ್ಬೆ ಎದ್ದವು. ಆ ಕೂಸು ಈಗ ಎರಡು ಮಕ್ಕಳ ತಾಯಿ. ಓಣಿಯಲ್ಲಿ ಎದುರಾದರೆ ಮೋತಿಬಿಯ ಕಣ್ಣು ಅವಳ ಮುಖಕ್ಕಿಂತ ಮೊದಲು ಬೆನ್ನಿನ ಕಡೆ ಹೋಗುತ್ತಿತ್ತು.

ಅಂದಿನಿಂದ ಅವಳದೊಂದು ನೇಮ. ಕೂಸಿನ ಮೈಗೆ ಹೋಗುವ ಯಾವುದೇ ವಸ್ತು ಮೊದಲು ಅವಳ ಮೂಗಿಗೆ, ಆಮೇಲೆ ನಾಲಗೆಗೆ, ಆಮೇಲೆ ಅವಳ ಮೊಣಕೈಯ ಒಳಮಗ್ಗುಲಿಗೆ. ಮೊಣಕೈಗೆ ಹಚ್ಚಿ ಮರುದಿನ ಬೆಳಗಿನವರೆಗೆ ಕಾಯಬೇಕು. ಮೂರರಲ್ಲಿ ಒಂದು ತಪ್ಪಿದರೂ ಆ ವಸ್ತು ಬಚ್ಚಲಿಗೆ ಬರುವಂತಿಲ್ಲ.

ನೀಲವ್ವ ಹುಟ್ಟಿದ ಹನ್ನೆರಡನೆಯ ದಿನ ಅಳಿಯ ಚನ್ನಬಸವಣ್ಣ ಶಿರಹಟ್ಟಿಯಿಂದ ಬಂದವನು ಹುಬ್ಬಳ್ಳಿ ಪೇಟೆಯ ಒಂದು ಸಾಬೂನು, ಒಂದು ಡಬ್ಬಿ ಪೌಡರು ತಂದಿದ್ದ. ಅವನದು ಶಿರಹಟ್ಟಿಯಲ್ಲಿ ಸೈಕಲ್ ಅಂಗಡಿ. ಹುಬ್ಬಳ್ಳಿಗೆ ಸಾಮಾನು ತರಲು ಹೋದಾಗ ಕೊಂಡದ್ದು.

“ಡಬ್ಬಿ ಮ್ಯಾಲೆ ಕೂಸಿನ ಚಿತ್ರ ಐತಿ ನೋಡ ಆಯಿ,” ಎಂದಿದ್ದಳು ರೇಣುಕವ್ವ. “ಕೂಸುಗಳಿಗಂತನಽ ಮಾಡ್ಯಾರ.”

“ಚಿತ್ರದ ಕೂಸಿಗೆ ಹಾಕಲಿ. ಅದಕ್ಕ ಬೆವರೂ ಬರಂಗಿಲ್ಲ, ಉಚ್ಚೀನೂ ಬರಂಗಿಲ್ಲ.” ಮೋತಿಬಿ ಡಬ್ಬಿ ಮೂಸಿದಳು, ಎರಡು ಸಲ ಸೀನಿದಳು, ಪಕ್ಕಕ್ಕಿಟ್ಟಳು. ಸಾಬೂನನ್ನು ಉಗುರಿನಿಂದ ಕೆರೆದು ನಾಲಗೆಗೆ ಮುಟ್ಟಿಸಿ ಉಗುಳಿದಳು. “ಚುರು ಅಂತೈತಿ. ಬ್ಯಾಡ.”

ಚನ್ನಬಸವಣ್ಣ ನಕ್ಕಿದ್ದ. “ಸಾಬಣ ತಿನ್ನಾಕಲ್ಲ ಆಯಿ, ತಿಕ್ಕಾಕ.”

“ತೊಗಲು ತಿಂತೈತೋ ತಮ್ಮಾ. ಅದಕ್ಕ ಬಾಯಿಲ್ಲಂತ ತಿನ್ನಂಗಿಲ್ಲಂತ ತಿಳದೀಯೇನು?”

ಮನೆಯವರೆಲ್ಲ ನಕ್ಕರು. ಸಾಬೂನು ಬಟ್ಟೆ ಒಗೆಯಲು ಹೋಯಿತು, ಪೌಡರು ಗೂಡಿನಲ್ಲಿ ಕೂತಿತು.

ಆ ವರ್ಷ ಮಾರ್ಚ್ ಕೊನೆಗೇ ಬಿಸಿಲು ಬಿದ್ದಿತ್ತು. ಯುಗಾದಿಯ ಹೊತ್ತಿಗೆ ಕೂಸಿನ ತೊಡೆಸಂದಿ, ಕೊರಳಿನ ಮಡಿಕೆ, ಕಂಕುಳು ಹಸಿಯಾದವು. ಕಡಲೆಹಿಟ್ಟು ಆ ಸಂದಿಗಳಲ್ಲಿ ನಿಂತು ಹುಳಿವಾಸನೆ ಬರುತ್ತಿತ್ತು. ಎಣ್ಣೆ ಹಚ್ಚಿದರೆ ಕೂಸು ಚೀರುತ್ತಿತ್ತು. ರೇಣುಕವ್ವ ರಾತ್ರಿ ಕಣ್ಣು ಮುಚ್ಚುತ್ತಿರಲಿಲ್ಲ.

“ಪೇಟಿದು ಬ್ಯಾಡ ಅಂತಿ, ಹಿಟ್ಟೂ ಆಗವಲ್ದು. ಡಾಕ್ಟರರು ಒಪ್ಪೂವಂಥಾದ್ದು ಏನರ ಇರಬೇಕಲ್ಲ ಆಯಿ?”

ಯುಗಾದಿ ಮುಗಿದು ಎರಡು ದಿನಕ್ಕೆ ಮೋತಿಬಿ ಅಂದಾನಪ್ಪನ ಅಂಗಡಿಗೆ ಹೋದಳು. ಅಂದಾನಪ್ಪ ಮೂವತ್ತು ವರ್ಷ ಒಬ್ಬ ಡಾಕ್ಟರರ ಕೈಕೆಳಗೆ ಕಂಪೌಂಡರನಾಗಿದ್ದು, ಅವರು ತೀರಿಕೊಂಡ ಮೇಲೆ ಬೆಟಗೇರಿಯಲ್ಲಿ ಸಣ್ಣ ಔಷಧಿ ಅಂಗಡಿ ಇಟ್ಟುಕೊಂಡವನು. ವಿಷಯ ಕೇಳಿ, ಗಾಜಿನ ಭರಣಿಯಿಂದ ಬಿಳಿ ಪುಡಿ ತೂಗಿ ಹಳೆ ಪೇಪರಿನಲ್ಲಿ ಕಟ್ಟಿದ. “ಬೋರಿಕ್ ಪುಡಿ.”

“ಏ ಅಂದಾನಪ್ಪಾ, ಇದು ಹುಡುಗೂರು ಕೇರಂ ಹಲಗಿಗೆ ಹಾಕೂದಲ್ಲೇನು? ಮೊನ್ನೆ ಇಲ್ಲೇ ನಿಂತು ಒಯ್ದರು, ನಾ ನೋಡಿಲ್ಲೇನು?”

“ಒಯ್ಯಲಿ ತಗೀಬೇ. ಅವರು ಹಲಗಿ ಉಜ್ಜತಾರ, ನಾವು ಇದರ ನೀರಿನಾಗ ಕಣ್ಣು ತೊಳೀತಿದ್ವಿ. ಕಣ್ಣು! ಮೈಯಾಗ ಕಣ್ಣಿಗಿಂತ ಸೂಕ್ಷ್ಮ ಏನೈತಿ ಹೇಳು. ಡಾಕ್ಟರು ತಮ್ಮ ಮಕ್ಕಳಿಗೆ ಇದನ್ನಽ ಹಾಕತಿದ್ರು.”

ಅಂದಾನಪ್ಪ ಸುಳ್ಳು ಹೇಳಲಿಲ್ಲ. ಅವನಿಗೆ ಗೊತ್ತಿದ್ದದ್ದೇ ಅಷ್ಟು. ಅವನು ಕೆಲಸ ಕಲಿತ ಕಾಲಕ್ಕೆ ಆ ಪುಡಿಯನ್ನು ಎಲ್ಲದಕ್ಕೂ ಕೊಡುತ್ತಿದ್ದರು.

ಮೋತಿಬಿ ಮನೆಗೆ ಬಂದು ಪುಡಿ ಮೂಸಿದಳು. ವಾಸನೆಯೇ ಇಲ್ಲ. ನಾಲಗೆಗೆ ಹಚ್ಚಿದಳು. ಸುಡಲಿಲ್ಲ, ಚುರುಗುಟ್ಟಲಿಲ್ಲ. ಮೊಣಕೈಗೆ ಹಚ್ಚಿ ಬೆಳಗಿನವರೆಗೆ ಕಾದಳು. ಒಂದು ಗುಳ್ಳೆ ಏಳಲಿಲ್ಲ. ಮೂವತ್ತು ವರ್ಷದಲ್ಲಿ ಮೂರೂ ಪರೀಕ್ಷೆಯಲ್ಲಿ ಇಷ್ಟು ಸಲೀಸಾಗಿ ಪಾರಾದ ವಸ್ತು ಅವಳಿಗೆ ಇನ್ನೊಂದು ಸಿಕ್ಕಿರಲಿಲ್ಲ.

ಅವಳು ದಿನಕ್ಕೊಮ್ಮೆ, ನೀರು ಹಾಕಿದ ಮೇಲೆ, ಸಂದಿಗಳಿಗೆ ಚಿಟಿಕೆಯಷ್ಟು ಉದುರಿಸುತ್ತಿದ್ದಳು. ರೇಣುಕವ್ವ ಪ್ರತಿ ಸಲ ಬಟ್ಟೆ ಬದಲಿಸುವಾಗ ಹಾಕುತ್ತಿದ್ದಳು. ಮೊದಲ ಮೂರು ದಿನ ಹಸಿ ಆರಿದಂತೆ ಕಂಡಿತು. ಆ ಭಾನುವಾರ ಬಂದ ಗಂಡನಿಗೆ ಅವಳು ಹೆಮ್ಮೆಯಿಂದ ಕೂಸಿನ ಕೊರಳು ತೋರಿಸಿದಳು. ಪುಡಿಯಲ್ಲಿ ಅರ್ಧ ಬೇರೆ ಪೊಟ್ಟಣ ಕಟ್ಟಿ ಅವನ ಕೈಗೆ ಕೊಟ್ಟಳು. ಅವನ ತಂಗಿ ಮಂಜವ್ವ ಹಡೆಯಲು ತವರಿಗೆ, ಶಿರಹಟ್ಟಿಗೆ, ಬಂದಿದ್ದಳು. ಗಂಡು ಕೂಸಾಗಿ ತಿಂಗಳಾಗಿತ್ತು.

“ಮಂಜವ್ವಗ ಡಬ್ಬಿ ಪೌಡರ ಬಿಡಸ್ರಿ. ಇದನ್ನ ಹಾಕು ಅಂತ ಹೇಳ್ರಿ. ಮೋತಿಬಿ ಆಯಿ ನೆಕ್ಕಿ ನೋಡಿದ್ದೈತಿ ಅನ್ರಿ.”

ಎರಡನೆಯ ವಾರ ಕೂಸು ಹಾಲು ಕಕ್ಕತೊಡಗಿತು. ಭೇದಿ ಹತ್ತಿತು. ಮೈಯೆಲ್ಲ ಕೆಂಪಾಯಿತು, ಬಿಸಿನೀರಿನಲ್ಲಿ ಅದ್ದಿ ತೆಗೆದಂತೆ. ಎಲ್ಲರೂ ಉಷ್ಣ ಅಂದರು. ಬಸವಣ್ಣೆವ್ವ ಜೀರಿಗೆ ನೀರು ಕುಡಿಸಿದಳು. ಕೆಂಪು ಹೆಚ್ಚಿದಷ್ಟೂ ರೇಣುಕವ್ವ ಪುಡಿ ಹೆಚ್ಚು ಹಾಕಿದಳು. ಬುಧವಾರ ಮಧ್ಯಾಹ್ನ ಕೂಸು ಕೈಕಾಲು ಸೆಟೆದು ಕಣ್ಣು ಮೇಲೆ ಮಾಡಿತು. ಆಗ ಟಾಂಗಾ ತರಿಸಿದರು.

ಮತ್ತು ಡಾಕ್ಟರಬಾಯಿ ಎರಡು ಸಲ ಕೇಳಿದಾಗ ಯಾರೂ ಪುಡಿಯ ಹೆಸರು ಹೇಳಲಿಲ್ಲ. ಮುಚ್ಚಿಡಬೇಕೆಂದಲ್ಲ. ಆ ಮನೆಯಲ್ಲಿ ಅದು ಪೇಟೆಯ ಪೌಡರಾಗಿರಲಿಲ್ಲ, ಅದು ಔಷಧಿಯಾಗಿತ್ತು.

ಹನ್ನೊಂದಕ್ಕೆ ಗಂಡಸರು ಕೂಸನ್ನು ಮಣ್ಣು ಮಾಡಿ ಬಂದರು. ಬೆಳಗ್ಗೆ ತಾಯಿಯೊಡನೆ ಬಂದಿದ್ದ ಚನ್ನಬಸವಣ್ಣ, ಮನೆಯಲ್ಲಿ ತಂಗಿ ಒಬ್ಬಳೇ ಎಂದು, ಒಂದು ಗಂಟೆಯ ಬಸ್ಸಿಗೆ ತಾಯಿಯನ್ನು ಕರೆದುಕೊಂಡು ಶಿರಹಟ್ಟಿಗೆ ಹೋದ. ಮೋತಿಬಿ ಗೂಡಿನಲ್ಲಿದ್ದ ಪೊಟ್ಟಣ ತೆಗೆದು ಸೆರಗಿಗೆ ಕಟ್ಟಿಕೊಂಡು ಆಸ್ಪತ್ರೆಗೆ ನಡೆದಳು. ಎರಡೂವರೆ ಆಗಿತ್ತು. ಡಾಕ್ಟರಬಾಯಿ ಮನೆಗೆ ಹೊರಟಿದ್ದರು. ಪುಡಿ ನೋಡಿ ತಿರುಗಿ ಕುರ್ಚಿಯಲ್ಲಿ ಕೂತರು.

“ಇದನ್ನ ಹಾಕಿದ್ರೇನು? ಹಸಿ ಆದಲ್ಲಿ?”

“ಹೌದ್ರಿ ಬಾಯಾರ.”

“ದಿನಕ್ಕೆ ಎಷ್ಟು ಸಲ?”

“ನಾ ಒಂದ ಸಲ್ರಿ. ಹಡದಾಕಿ ಎಂಟು, ಹತ್ತು.”

“ಎಷ್ಟು ದಿನ?”

“ಹನ್ನೆರಡ್ರಿ.”

ಡಾಕ್ಟರಬಾಯಿ ಸ್ವಲ್ಪ ಹೊತ್ತು ಪೊಟ್ಟಣದ ಮಡಿಕೆ ಬಿಡಿಸಿ ಮಡಚಿದರು. “ಗಟ್ಟಿ ತೊಗಲಿಗೆ ಇದು ಏನೂ ಮಾಡೂದಿಲ್ಲ. ನಿಮ್ಮ ಕೈಗೆ ಹಚ್ಚಿದ್ರ ಏನೂ ಆಗೂದಿಲ್ಲ. ಹಸಿ ತೊಗಲು ಇದನ್ನ ಒಳಗ ಎಳಕೋತದ. ಸಣ್ಣ ಕೂಸು, ಹೊರಗ ಹಾಕಾಕ ಬರೂದಿಲ್ಲ. ದಿನಾ ಕೂಡಿಕೋತ ಹೋಗ್ತದ. ಕೂಸಿಗೆ ಹಾಕಬಾರದು ಅಂತ ಪುಸ್ತಕದಾಗ ಬರದು ಇಪ್ಪತ್ತು ವರ್ಷ ಆತು. ಅಂಗಡ್ಯಾಗ ಮಾತ್ರ ಇನ್ನೂ ಮಾರ್ತಾರ.”

“ನಾ ನೆಕ್ಕಿ ನೋಡಿದ್ದೆರಿ,” ಎಂದಳು ಮೋತಿಬಿ. “ನಾಲಿಗಿಗೆ ಗೊತ್ತಾಗಲಿಲ್ಲರಿ.”

“ನಾಲಿಗಿಗೆ ಗೊತ್ತಾಗೂದಿಲ್ಲಮ್ಮ.”

“ನಿನ್ನೆ ನೀವು ಕೇಳಿದಾಗ ಹೇಳಿದ್ರ...”

“ನಿನ್ನೆ ಹೇಳಿದ್ರ ಉಳೀತಿತ್ತು ಅಂತ ನಾ ಹೇಳಲಾರೆ.” ಡಾಕ್ಟರಬಾಯಿ ಎದ್ದರು. “ಬ್ಯಾರೆ ಯಾರಿಗರ ಕೊಟ್ಟೀರೇನು ಇದನ್ನ?”

“ಇಲ್ಲರಿ” ಎಂದು ಮೋತಿಬಿ ಬಾಗಿಲವರೆಗೆ ಬಂದಳು. ಅಲ್ಲಿ ನಿಂತಳು. ಮೋತಿಬಿ ಆಯಿ ನೆಕ್ಕಿ ನೋಡಿದ್ದೈತಿ ಅನ್ರಿ. ರೇಣುಕವ್ವ ಗಂಡನಿಗೆ ಆ ಮಾತು ಹೇಳುವಾಗ ಮೋತಿಬಿ ಅಲ್ಲೇ ಕೂಸಿನ ಮೈ ಒರೆಸುತ್ತಿದ್ದಳು. ಕೇಳಿ ಒಳಗೊಳಗೇ ಹಿಗ್ಗಿದ್ದಳು.

“ಒಂದು ಕೂಸೈತ್ರಿ,” ಎಂದಳು. “ಶಿರಹಟ್ಟ್ಯಾಗ.”

“ಇವತ್ತೇ ಕರಕೊಂಡು ಬರ್ರಿ. ನಾಳೆ ಅನ್ನಬ್ಯಾಡ್ರಿ.”

ಶಿರಹಟ್ಟಿಗೆ ನಾಲ್ಕೂವರೆಗೆ ಒಂದು ಬಸ್ಸಿತ್ತು. ಮೋತಿಬಿ ಚನ್ನಬಸವಣ್ಣನ ಮನೆ ನೋಡಿದವಳಲ್ಲ. ಬೆಟಗೇರಿಗೆ ತಿರುಗಿ ಬಂದು, ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದ ಬಸವಣ್ಣೆವ್ವನಿಗೆ ಮೆಲ್ಲಗೆ ಎಲ್ಲ ಹೇಳಿದಳು. ಬಸವಣ್ಣೆವ್ವ ಕೈಯಲ್ಲಿದ್ದ ಬಟ್ಟೆಯನ್ನು ಕಲ್ಲ ಮೇಲಿಟ್ಟಳು. ಅದು ಕೂಸಿನ ಬಟ್ಟೆ.

“ನೀ ತಂದಿದ್ದು ಅದು,” ಎಂದಳು.

“ನಾ ತಂದಿದ್ದು.”

ಬಸವಣ್ಣೆವ್ವ ಆ ಬಟ್ಟೆಯನ್ನು ತಿರುಗಿ ಎತ್ತಿ ಹಿಂಡಿದಳು. ಆಮೇಲೆ ಹೇಳಿದಳು: “ಮನಿ ಗುರ್ತು ಹೇಳ್ತೀನಿ. ಹೋಗು, ಪುಡಿ ಇಸಕೊಂಡು ಬಾ. ಆದರ ನನ್ನ ಮಗಳಿಗೆ ಹೇಳಬ್ಯಾಡ ಮೋತಿಬಿ. ನೀ ಒಂದ ಸಲ ಹಾಕೀದಿ. ಆಕಿ ಹತ್ತು ಸಲ ಹಾಕ್ಯಾಳ. ಕೇಳಿದ್ರ ಆಕಿ ಉಳಿಯಂಗಿಲ್ಲ. ಉಳದ್ರೂ ಬೀಗರು ಉಳಸಂಗಿಲ್ಲ. ಒಂದು ಕೂಸು ಕಳದು ಇನ್ನೊಂದಕ್ಕೂ ಕಳಿಸ್ಯಾಳ ಅಂತಾರ.”

“ನನ್ನ ಮಾತು ಅವರು ನಂಬತಾರೇನು ಯಕ್ಕಾ? ನಾ ಯಾರೋ, ಅವರು ಯಾರೋ.”

“ಹೆಂಗರ ನಂಬಸು.”

“ಯಾವ ಪುಡಿ ಬೇ?”

ಅಡಿಗೆಮನೆಯ ಬಾಗಿಲಲ್ಲಿ ರೇಣುಕವ್ವ ನಿಂತಿದ್ದಳು. ಗೋಡೆ ಹಿಡಿದುಕೊಂಡಿದ್ದಳು. ಬೆಳಗಿನಿಂದ ಯಾರೂ ಹಿಂಡಿ ತೆಗೆಯದ ಹಾಲಿಗೆ ಅವಳ ಕುಬಸ ತೊಯ್ದಿತ್ತು.

“ಏನಿಲ್ಲ ಬಿಡು. ಒಳಗ ಹೋಗಿ ಅಡ್ಡಾಗು.”

“ನಾ ಆಯಿಗೆ ಕೇಳಾಕತ್ತೀನಿ. ಯಾವ ಪುಡಿ?”

ಮೋತಿಬಿಗೆ ಸುಳ್ಳು ಸಿಗುತ್ತಿತ್ತು. ಬೇರೆ ಯಾರದೋ ಕೂಸು ಅನ್ನಬಹುದಿತ್ತು, ಎಣ್ಣೆಯಲ್ಲಿ ದೋಷ ಅನ್ನಬಹುದಿತ್ತು. ಆದರೆ ಈ ಹುಡುಗಿಯ ಅಂಗಾಲು, ಬೆನ್ನು, ಕಿವಿಯ ಹಿಂದು ಅವಳು ತೊಳೆದು ಬೆಳೆಸಿದ್ದು. ಎದುರು ನಿಂತು ಕೇಳಿದಾಗ ನಾಲಗೆ ಸುಳ್ಳಿಗೆ ತಿರುಗಲಿಲ್ಲ. ಡಾಕ್ಟರಬಾಯಿ ಹೇಳಿದ್ದನ್ನು ಒಂದೂ ಬಿಡದೆ ಹೇಳಿದಳು. ಕೊನೆಗೆ, “ತಂದಾಕಿ ನಾನು ಮಗಳ. ಹಾಕು ಅಂದಾಕಿ ನಾನು,” ಎಂದಳು.

ರೇಣುಕವ್ವ ಅಳಲಿಲ್ಲ. ತನ್ನ ಎರಡೂ ಕೈ ಮುಂದೆ ಹಿಡಿದು ಅಂಗೈ ನೋಡಿಕೊಂಡಳು. ಆಮೇಲೆ, “ಮಂಜವ್ವನ ಕೂಸು ಹೆಂಗೈತಂತ?” ಎಂದಳು.

“ಗೊತ್ತಿಲ್ಲ. ಹೊಂಟೀನಿ. ನಾಲ್ಕೂವರಿಗೆ ಬಸ್ಸೈತಿ.”

“ನೀ ಹೇಳಿದ್ರ ಅವರು ಕೇಳಂಗಿಲ್ಲ. ನಮ್ಮತ್ತಿ ನಿನ್ನ ಹೊಸ್ತಿಲಾ ದಾಟಸಂಗಿಲ್ಲ. ತಡಿ.”

“ರೇಣುಕಾ, ಬ್ಯಾಡ,” ಎಂದಳು ತಾಯಿ.

ಏಳನೆಯ ತರಗತಿವರೆಗೆ ಓದಿದ್ದ ರೇಣುಕವ್ವ ಹಳೆ ನೋಟುಬುಕ್ಕಿನ ಹಾಳೆ ಹರಿದು, ಗೋಡೆಗೆ ಒರಗಿ ಕೂತು, ಮೊಣಕಾಲ ಮೇಲೆ ಇಟ್ಟುಕೊಂಡು ಬರೆದಳು. ಮೋತಿಬಿಗೆ ಓದಲು ಬರುವುದಿಲ್ಲವೆಂದು, ಬರೆದದ್ದನ್ನು ತಾನೇ ಓದಿ ಹೇಳಿದಳು. “ಮಂಜವ್ವನಿಗೆ. ನಾನು ಕಳಿಸಿದ ಪುಡಿಯನ್ನು ಕೂಸಿಗೆ ಹಾಕಬೇಡ. ಹಾಕಿದ್ದರೆ ತೊಳೆದು ಇವತ್ತೇ ಗದಗಿಗೆ ಕರೆದುಕೊಂಡು ಬಾ. ನಮ್ಮ ನೀಲವ್ವ ಇದರಿಂದಲೇ ಹೋದಳು. ದಿನಕ್ಕೆ ಹತ್ತು ಸಲ ಹಾಕಿದವಳು ನಾನು. ನಿನಗೆ ಕಳಿಸಿದವಳೂ ನಾನು. ಮೋತಿಬಿ ಆಯಿಯದು ತಪ್ಪಿಲ್ಲ. ರೇಣುಕಾ.”

“ಕಡೀ ಮಾತು ಯಾಕ ಬರದಿ? ಅದನ್ನ ತಗಿ.”

“ಬಸ್ಸು ಹೊಕ್ಕೈತಿ ಆಯಿ. ನಡಿ.”

ಬಸ್ಸಿನಲ್ಲಿ ಮೋತಿಬಿ ಆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಎಲೆಅಡಿಕೆಯ ಚೀಲದಲ್ಲಿಟ್ಟುಕೊಂಡಳು. ಕೊಡುವುದು ಬೇಡ ಎಂದು ಮುಳಗುಂದ ನಾಕೆ ದಾಟುವಷ್ಟರಲ್ಲಿ ತೀರ್ಮಾನಿಸಿದ್ದಳು. ಬಾಯಿಂದಲೇ ಹೇಳಬೇಕು, ಕಾಲು ಹಿಡಿಯಬೇಕಾದರೆ ಹಿಡಿಯಬೇಕು, ಪುಡಿ ಮತ್ತು ಕೂಸು ಎರಡನ್ನೂ ಗದಗಿಗೆ ತರಬೇಕು. ಚೀಟಿಯನ್ನು ತಿರುಗಿ ಹೋಗುವಾಗ ಹರಿದು ಕಿಟಕಿಯಿಂದ ಬಿಡಬೇಕು. ಆ ಹುಡುಗಿ ಇನ್ನೂ ನಲವತ್ತು ವರ್ಷ ಆ ಮನೆಯಲ್ಲಿ ಬಾಳಬೇಕು.

ಆರಕ್ಕೆ ಹತ್ತು ನಿಮಿಷವಿದ್ದಾಗ ಮನೆ ಸಿಕ್ಕಿತು. ಬಿಸಿಲು ಇನ್ನೂ ಇತ್ತು. ಚನ್ನಬಸವಣ್ಣ ಕಟ್ಟೆಯ ಮೇಲೆ ತಲೆ ತಗ್ಗಿಸಿ ಕೂತಿದ್ದ. ಮೋತಿಬಿಯನ್ನು ನೋಡಿ ಎದ್ದು ನಿಂತ. “ಯಾಕ ಆಯಿ? ರೇಣುಕಾಗ ಏನರ ಆತೇನು?”

“ಆಕಿಗೆ ಏನಿಲ್ಲ ತಮ್ಮಾ. ನಿನ್ನ ತಂಗಿ ಕೂಸು ನೋಡಾಕ ಬಂದೀನಿ.”

ಒಳಗಿನಿಂದ ಅವನ ತಾಯಿಯ ದನಿ ಬಂತು. “ಮುಂಜಾನೆ ಒಂದು ಮಣ್ಣಾಗಿಟ್ಟು ಬಂದೇವಿ. ಆ ಬಚ್ಚಲದಾಕಿಗೆ ಇಲ್ಲೇನು ಕೆಲಸ?”

ಮಂಜವ್ವ ಕೂಸನ್ನೆತ್ತಿಕೊಂಡು ಬಾಗಿಲಿಗೆ ಬಂದಳು. ಮೋತಿಬಿಗೆ ಕೇಳುವುದೇನೂ ಉಳಿಯಲಿಲ್ಲ. ಕೂಸಿನ ಕೆನ್ನೆ, ಕೊರಳು, ಹೊಟ್ಟೆ ಅದೇ ಕೆಂಪು. ಕೈ ಚಾಚಿ ಅದರ ಮುಷ್ಟಿ ಬಿಡಿಸಿ ನೋಡಿದಳು. ಅಂಗೈ ಇನ್ನೂ ಸುಲಿದಿರಲಿಲ್ಲ.

“ಹಾಲು ಕಕ್ಕತೈತೇನು ತಂಗಿ?”

“ನಿನ್ನೆಯಿಂದ. ಉಷ್ಣ ಅಂತಾಳ ನಮ್ಮವ್ವ. ಪುಡಿ ಹಾಕಾಕತ್ತೀನಿ, ಇನ್ನೊಂದೀಟು ಐತಿ.”

“ಪುಡಿ ಹಾಕಬ್ಯಾಡ. ಬೆಚ್ಚನ ನೀರಿಲೆ ತೊಳಕೊಂಡು ನಡಿ, ಗದಗಿಗೆ ಹೋಗೂಣು. ಡಾಕ್ಟರಬಾಯಾರು ಹೇಳ್ಯಾರ. ಇವತ್ತಽ ಬರ್ರಿ ಅಂದಾರ.”

“ಯಾಕಂತ?” ಮುದುಕಿ ಹೊರಗೆ ಬಂದಳು. “ಅವರ ಆಸ್ಪತ್ರ್ಯಾಗ ಒಂದು ಬದುಕಿ ಬಂತಲ್ಲ, ಇದನ್ನೂ ಒಯ್ದು ಕೊಡೂಣೇನು? ಬ್ಯಾಸಗಿಗೆ ಯಾವ ಕೂಸು ಕೆಂಪಾಗಂಗಿಲ್ಲ?”

“ಯಕ್ಕಾ, ನಿಮ್ಮ ಕಾಲು ಬೀಳ್ತೀನಿ...”

“ಇವತ್ತು ಬ್ಯಾಡ ಆಯಿ,” ಎಂದ ಚನ್ನಬಸವಣ್ಣ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. “ಇವತ್ತು ಮತ್ತ ಆ ಆಸ್ಪತ್ರಿ ಮೆಟ್ಟಲಾ ಹತ್ತಾಕ ನನ್ನ ಕೈಲೆ ಆಗಂಗಿಲ್ಲ. ನಾಳೆ ನೋಡೂಣು.”

ನಾಳೆ ಅನ್ನಬ್ಯಾಡ್ರಿ ಎಂದಿದ್ದರು ಡಾಕ್ಟರಬಾಯಿ. ಕೂಸು ತಾಯಿಯ ಹೆಗಲ ಮೇಲೆ ಸ್ವಲ್ಪ ಹಾಲು ಕಕ್ಕಿತು. ಮಂಜವ್ವ ಸೆರಗಿನಿಂದ ಒರೆಸಿದಳು.

ಮೋತಿಬಿ ಎಲೆಅಡಿಕೆಯ ಚೀಲದ ಬಾಯಿ ಬಿಚ್ಚಿದಳು. ನಾಲ್ಕು ಮಡಿಕೆಯ ಹಾಳೆ ತೆಗೆದು ಚನ್ನಬಸವಣ್ಣನ ಕೈಗೆ ಕೊಟ್ಟಳು.

ಅವನು ಒಮ್ಮೆ ಓದಿದ. ಕೆಳಗಿನ ಸಾಲಿಗೆ ಬಂದವನು ತಿರುಗಿ ಮೇಲಿನಿಂದ ಓದಿದ. ಓದುತ್ತಿರುವಾಗ ಅವನ ತಾಯಿ, “ಏನಂತೋ? ಏನು ಬರದಾಳ?” ಎಂದು ಎರಡು ಸಲ ಕೇಳಿದಳು. ಅವನು ಚೀಟಿಯನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡ.

“ಮಂಜಿ, ಕೂಸಿಗೆ ತೊಳದು ಸುತ್ತು. ಚಪ್ಪಲಾ ಮೆಟ್ಟು,” ಎಂದ. “ಆರೂವರಿ ಬಸ್ಸು ಸಿಕ್ಕತೈತಿ.”

ತೊಳೆಯುವಾಗ ಮೋತಿಬಿಯ ಕೈ ತಾನಾಗಿ ಮುಂದೆ ಹೋಯಿತು. ಮಂಜವ್ವ ಕೂಸನ್ನು ತನ್ನ ಕಡೆ ಎಳೆದುಕೊಂಡಳು. ನೀರನ್ನು ಅವಳೇ ಹಾಕಿದಳು. ಬಸ್ಸಿನಲ್ಲಿ ಅಣ್ಣ ತಂಗಿ ಮುಂದಿನ ಸೀಟಿನಲ್ಲಿ ಕೂತರು, ಮೋತಿಬಿ ಹಿಂದೆ. ಆಸ್ಪತ್ರೆಯ ಗೇಟಿನಲ್ಲಿ ಇಳಿದಾಗ ಚನ್ನಬಸವಣ್ಣ ಒಮ್ಮೆ ತಿರುಗಿ ನೋಡಿದ.

“ಅವತ್ತು ನೀನಽ ಅಂದಿದ್ದಿ ಆಯಿ,” ಎಂದ. “ತೊಗಲು ತಿಂತೈತಿ ಅಂತ.”

ಮಂಜವ್ವನ ಕೂಸು ಹನ್ನೊಂದು ದಿನ ಆಸ್ಪತ್ರೆಯಲ್ಲಿತ್ತು. ಅಂಗಾಲಿನ ತೊಗಲು ಸುಲಿದು ಹೊಸದು ಬಂತು. ಏಪ್ರಿಲ್ 23ರಂದು ಮನೆಗೆ ಕಳಿಸಿದರು.

ಮೋತಿಬಿ ಆಗ ಇನ್ನೆರಡು ಮನೆಗಳಲ್ಲಿ ನೀರು ಹಾಕುತ್ತಿದ್ದ ಕೂಸುಗಳಿದ್ದವು. ಆ ಮನೆಗಳಿಗೆ ಪುಡಿ ಹೋಗಿರಲಿಲ್ಲ. ಆದರೂ ಅವಳು, ಮಂಜವ್ವನ ಕೂಸನ್ನು ಆಸ್ಪತ್ರೆಗೆ ಸೇರಿಸಿದ ಮರುದಿನ, ಶುಕ್ರವಾರ ಬೆಳಗ್ಗೆ ಎರಡೂ ಮನೆಗೆ ಹೋಗಿ, ನಡೆದದ್ದನ್ನು ನಿಂತಲ್ಲೇ ಹೇಳಿ, ಬೇರೆಯವರನ್ನು ನೋಡಿಕೊಳ್ಳಿ ಎಂದು ಬಂದಳು. ಒಂದು ಮನೆಯವರು ಬಿಟ್ಟು ಹೋಗಬೇಡ ಎಂದು ಕೈ ಹಿಡಿದರು. ಇನ್ನೊಂದು ಮನೆಯವರು ಬಾಗಿಲು ಹಾಕಿಕೊಂಡರು. ಅಂದಾನಪ್ಪನ ಅಂಗಡಿಗೂ ಹೋದಳು. ಅವನು “ಡಾಕ್ಟರು ತಮ್ಮ ಮಕ್ಕಳಿಗೂ...” ಎಂದು ಶುರು ಮಾಡಿ ನಿಲ್ಲಿಸಿದ. ಆಮೇಲೆ ಭರಣಿಯನ್ನು ಮೇಲಿನ ಹಲಗೆಗೆ ಏರಿಸಿದ. ಅಂದಿನಿಂದ ಕೇರಂ ಆಡುವವರಿಗೆ ಮಾತ್ರ ಕೊಟ್ಟ.

ವಾಡಿಕೆಯಂತೆ ಹಡೆದ ಐದನೆಯ ತಿಂಗಳಿಗೆ ಬಂದು ರೇಣುಕವ್ವನನ್ನು ಕರೆದೊಯ್ಯಬೇಕಿದ್ದ ಚನ್ನಬಸವಣ್ಣ ಬರಲಿಲ್ಲ. ದೀಪಾವಳಿಗೂ ಬರಲಿಲ್ಲ. ಮರುವರ್ಷ ಯುಗಾದಿಯ ಮುಂಚಿನ ಸೋಮವಾರ, ತಾಯಿಗೆ ಹೇಳದೆ, ಒಬ್ಬನೇ ಬಂದು ಕರೆದುಕೊಂಡು ಹೋದ.

1981ರ ಜೂನ್‌ನಲ್ಲಿ ರೇಣುಕವ್ವ ಬೆಟಗೇರಿಯ ತವರಿನಲ್ಲಿ ಮತ್ತೆ ಹಡೆದಳು. ಹೆಣ್ಣು ಕೂಸು. ಮೂರನೆಯ ದಿನ ಮೋತಿಬಿಗೆ ಹೇಳಿಕಳಿಸಿದಳು. ಐದನೆಯ ದಿನ ಮತ್ತೊಮ್ಮೆ ಹೇಳಿಕಳಿಸಿದಳು. ಮೋತಿಬಿ ಹೋಗಲಿಲ್ಲ. ಆರನೆಯ ದಿನದಿಂದ ಆ ಕೂಸಿಗೆ ನೀರು ಹಾಕಲು ಬೇರೆಯವಳು ಬಂದಳು.